ಕಾಯಿಲ್‌ಓವರ್ ಹಾಕಿದ ಮೇಲೆ ಬರುವ ಸದ್ದು, ಕುಲುಕು, ಟೈರ್ ಸವೆತ: ದೋಷ ಹುಡುಕುವ ದಾರಿ

ಕಾಯಿಲ್‌ಓವರ್ ಎಂದರೆ ಶಾಕ್ ಅಬ್ಸಾರ್ಬರಿನ ಸುತ್ತ ಸ್ಪ್ರಿಂಗ್ ಕೂತಿರುವ, ಕಾರಿನ ಎತ್ತರ ಬದಲಿಸಬಹುದಾದ ಜೋಡಣೆ. ಅದನ್ನು ಹಾಕಿಸಿ ಕಾರನ್ನು ತಗ್ಗಿಸಿಕೊಂಡವರ ದೂರುಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಗುಂಡಿಗೆ ಇಳಿದರೆ ಸೊಂಟಕ್ಕೆ ಏಟು, ನಿಧಾನವಾಗಿ ಹೋಗುವಾಗ ಟಕ್ ಟಕ್ ಸದ್ದು, ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಟೊಂಯ್ ಎಂಬ ಇನ್ನೊಂದು ಸದ್ದು, ಕೆಲವೇ ತಿಂಗಳಲ್ಲಿ ಟೈರಿನ ಒಳ ಅಂಚು ಬೋಳು. ಆಗ ಎಲ್ಲರೂ ಮೊದಲು ಬೈಯುವುದು ಕಿಟ್ಟನ್ನು. ಆಮೇಲೆ ಶಾಕ್ ಅಬ್ಸಾರ್ಬರಿನ ತುದಿಯಲ್ಲಿರುವ, ಅದರ ಬಿಗಿ ಬದಲಿಸುವ ಗುಬುಟನ್ನು ಆ ಕಡೆ ಈ ಕಡೆ ತಿರುಗಿಸುತ್ತಾರೆ. ಅದೂ ಕೈಕೊಟ್ಟರೆ ಸ್ಪ್ರಿಂಗ್ ಬದಲಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಇದು.

ದೋಷ ಸಾಮಾನ್ಯವಾಗಿ ಮೂರು ಕಡೆ ಅಡಗಿರುತ್ತದೆ. ಶಾಕ್ ಅಬ್ಸಾರ್ಬರಿಗೆ ಮೇಲೆ ಕೆಳಗೆ ಓಡಾಡಲು ಜಾಗ ಉಳಿದಿಲ್ಲದಿರಬಹುದು. ಬೋಲ್ಟುಗಳನ್ನು ಬಿಗಿಯಬಾರದ ಸ್ಥಿತಿಯಲ್ಲಿ ಬಿಗಿದಿರಬಹುದು. ಕಾರು ತಗ್ಗಿದಾಗ ಚಕ್ರದ ಕೋನಗಳು ಬದಲಾಗಿ ಅಲೈನ್‌ಮೆಂಟ್ ತಪ್ಪಿರಬಹುದು. ಇದೇ ಅನುಕ್ರಮದಲ್ಲಿ ನೋಡುವುದು ಒಳ್ಳೆಯದು, ಏಕೆಂದರೆ ಮೊದಲಿನ ಎರಡಕ್ಕೆ ಬಿಡಿಭಾಗದ ಖರ್ಚೇ ಇಲ್ಲ.

ಇಲ್ಲಿ ಹೇಳುತ್ತಿರುವುದು ಸ್ವಿಫ್ಟ್, ಐ20, ಪೋಲೊ, ಸಿಟಿ ಬಗೆಯ ಕಾರುಗಳ ಮಾತು. ಮುಂದೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬವಾಗಿ ಚಕ್ರವನ್ನು ಹಿಡಿಯುವ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಎರಡು ಚಕ್ರಗಳನ್ನೂ ಜೋಡಿಸುವ ಟಾರ್ಷನ್ ಬೀಮ್. ಇಂತಹ ಕಾರಿನ ಹಿಂಭಾಗಕ್ಕೆ ಬರುವುದನ್ನು ಕಾಯಿಲ್‌ಓವರ್ ಎಂದು ಕರೆಯುವುದು ರೂಢಿಯಾದರೂ ಹೆಚ್ಚಿನ ಕಿಟ್ಟುಗಳಲ್ಲಿ ಅಲ್ಲಿ ಸ್ಪ್ರಿಂಗ್ ಒಂದು ಕಡೆ, ಶಾಕ್ ಅಬ್ಸಾರ್ಬರ್ ಇನ್ನೊಂದು ಕಡೆ ಇರುತ್ತದೆ. ಎತ್ತರ ಬದಲಿಸುವ, ಮರೆ (ಸ್ಕ್ರೂವಿನಂತಹ ತಿರುಪಿನ ಗೆರೆ) ಇರುವ ತಟ್ಟೆ ಸ್ಪ್ರಿಂಗಿನ ಜೊತೆಗಿರುತ್ತದೆ. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

ಪಾನಾ ಹಿಡಿಯುವ ಮೊದಲು ಅಳತೆ ಟೇಪು

ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ. ಟೈರಿನ ಗಾಳಿ ಸರಿಯಾಗಿರಲಿ, ಸ್ಟೀರಿಂಗ್ ನೇರವಾಗಿರಲಿ. ಚಾಲಕನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ. ಯಾರೂ ಸಿಗದಿದ್ದರೆ 25 ಕೆ.ಜಿ.ಯ ಮೂರು ಅಕ್ಕಿ ಮೂಟೆ ಸಾಕು. ಆಮೇಲೆ ಚಕ್ರದ ನಟ್ಟನಡುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಮೂಲೆಯಲ್ಲಿ ಅಳೆದು ಬರೆದುಕೊಳ್ಳಿ. ನೆಲದಿಂದ ಅಳೆಯಬೇಡಿ; ಟೈರಿನ ಸವೆತ, ಗಾಳಿ ಎರಡೂ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ.

ಜಾಕಿನಿಂದ ಇಳಿಸಿದ ಕೂಡಲೇ ಅಳೆದರೆ ಆ ಅಳತೆ ಸುಳ್ಳು. ಗಾಳಿಯಲ್ಲಿ ನೇತಾಡುವಾಗ ಎರಡು ಮುಂಚಕ್ರಗಳು ಒಳಕ್ಕೆ ಸರಿದಿರುತ್ತವೆ, ಇಳಿಸಿದಾಗ ಟೈರು ನೆಲವನ್ನು ಕಚ್ಚಿಕೊಂಡು ಕಾರನ್ನು ಮೇಲೆಯೇ ಹಿಡಿದಿಡುತ್ತದೆ. ಕಾರನ್ನು ನಾಲ್ಕು ಮಾರು ಹಿಂದಕ್ಕೆ ಮುಂದಕ್ಕೆ ಓಡಿಸಿ, ಬಾನೆಟ್ಟನ್ನೂ ಡಿಕ್ಕಿಯನ್ನೂ ಎರಡು ಸಲ ಒತ್ತಿ ಬಿಟ್ಟು, ಆಮೇಲೆ ಅಳೆಯಿರಿ. ಈ ಒಂದು ಕೆಲಸ ಬಿಟ್ಟಿದ್ದಕ್ಕೆ ಎಡ ಬಲ ಎತ್ತರ ಸರಿಹೋಗುತ್ತಿಲ್ಲವೆಂದು ಮರೆ ತಿರುಗಿಸುತ್ತಾ ಒಂದು ಮಧ್ಯಾಹ್ನ ಕಳೆದವರು ಬಹಳ ಮಂದಿ ಇದ್ದಾರೆ.

ಕಾರಿನಡಿ ತೂರುವಾಗ ಜಾಕ್ ಸ್ಟ್ಯಾಂಡ್ ಕಡ್ಡಾಯ. ಜಾಕ್ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ.

ಗುಂಡಿಗೆ ಇಳಿದರೆ ಏಟು: ಓಡಾಟದ ಜಾಗ ಉಳಿದಿದೆಯೇ?

ಕಾರು ಗಟ್ಟಿಯಾಗಿದೆ ಎಂಬ ದೂರಿನ ಹಿಂದೆ ಎರಡು ಬೇರೆ ಬೇರೆ ಸಂಗತಿಗಳಿರಬಹುದು. ಸ್ಪ್ರಿಂಗ್ ನಿಜಕ್ಕೂ ಗಟ್ಟಿ ಇರಬಹುದು. ಇಲ್ಲವೇ ಶಾಕ್ ಅಬ್ಸಾರ್ಬರಿನ ದಂಡ ಕೆಳಗಿಳಿಯಲು ಜಾಗವಿಲ್ಲದೆ, ಓಟದ ಕೊನೆಯಲ್ಲಿ ಅದನ್ನು ತಡೆಯುವ ಬಂಪ್ ಸ್ಟಾಪಿನ ರಬ್ಬರಿನ ಮೇಲೆ ಕುಳಿತಿರಬಹುದು. ಗಟ್ಟಿ ಸ್ಪ್ರಿಂಗ್ ಸಣ್ಣ ಉಬ್ಬು ತಗ್ಗುಗಳಲ್ಲೂ ಒಂದೇ ಸಮ ಕುಲುಕುತ್ತದೆ. ಬಂಪ್ ಸ್ಟಾಪಿಗೆ ತಾಗುವ ಕಾರು ಒಳ್ಳೆಯ ರಸ್ತೆಯಲ್ಲಿ ಸುಮ್ಮನಿದ್ದು, ಗುಂಡಿ ಬಂದಾಗ ಒಮ್ಮೆಲೇ ದಡ್ ಎಂದು ಬಾರಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಮುಂದಿನ ಒಂದು ಮೂಲೆಯ ಸ್ಪ್ರಿಂಗಿನ ಮೇಲೆ ಬೀಳುವ ಭಾರ 250 ಕೆ.ಜಿ. ಎಂದಿಟ್ಟುಕೊಳ್ಳಿ, ಸ್ಪ್ರಿಂಗಿನ ಬಿಗಿ ಮಿಲಿಮೀಟರಿಗೆ 5 ಕೆ.ಜಿ. ಕಾರು ಇಳಿಸಿದ ಕೂಡಲೇ ಸ್ಪ್ರಿಂಗ್ 50 ಮಿ.ಮೀ. ಕುಗ್ಗುತ್ತದೆ. ದಂಡದ ಒಟ್ಟು ಓಟ 120 ಮಿ.ಮೀ. ಇದ್ದರೆ ಉಳಿಯುವುದು 70. ಅದರಲ್ಲಿ ಬಂಪ್ ಸ್ಟಾಪೇ 40 ಮಿ.ಮೀ. ಉದ್ದವಿದ್ದರೆ, ರಬ್ಬರಿಗೆ ತಾಗುವ ಮೊದಲು ಸಿಗುವ ಬಿಡು ಜಾಗ 30 ಮಿ.ಮೀ. ಮಾತ್ರ. ಇನ್ನಷ್ಟು ತಗ್ಗಬೇಕೆಂದು ಸ್ಪ್ರಿಂಗಿನ ತಟ್ಟೆಯನ್ನು 20 ಮಿ.ಮೀ. ಕೆಳಗಿಳಿಸಿದರೆ ಆ 30 ಹೋಗಿ 10 ಆಗುತ್ತದೆ. ಇಬ್ಬರು ಹತ್ತಿ ಕುಳಿತರೆ ಅದರಲ್ಲೂ ಒಂದು ಪಾಲು ಹೋಯಿತು. ಇನ್ನು ಬೆಂಗಳೂರಿನ ರಸ್ತೆಗೆ ಏನು ಉಳಿಯಿತು?

ಅಂದಾಜಿನ ಮೇಲೆ ಹೋಗದೆ ಕಣ್ಣಾರೆ ನೋಡಬೇಕೆಂದರೆ ತಂತಿ ಕಟ್ಟುವ ಪ್ಲಾಸ್ಟಿಕ್ ಟ್ಯಾಗು ಒಂದು ಸಾಕು. ಧೂಳು ತಡೆಯುವ ರಬ್ಬರ್ ತೋಳನ್ನು ಮೇಲೆ ಸರಿಸಿ, ಹೊಳೆಯುವ ದಂಡದ ಸುತ್ತ ಟ್ಯಾಗನ್ನು ಬೆರಳಿಂದ ಜಾರುವಷ್ಟು ಬಿಗಿಗೆ ಕಟ್ಟಿ, ಬಾಲ ಕತ್ತರಿಸಿ, ಕೆಳಗಿನ ಆಯಿಲ್ ಸೀಲಿಗೆ ತಾಗುವಂತೆ ಇಳಿಸಿ. ಕಾರು ನೆಲದ ಮೇಲಿರುವಾಗಲೇ ಹೀಗೆ ಮಾಡಬೇಕು. ಸೀಲಿನಿಂದ ಬಂಪ್ ಸ್ಟಾಪಿನ ಕೆಳತುದಿಯವರೆಗಿನ ದೂರವನ್ನೂ ಬರೆದಿಟ್ಟುಕೊಳ್ಳಿ. ಈಗ ದಿನನಿತ್ಯ ಓಡಾಡುವ ರಸ್ತೆಯಲ್ಲೇ ಒಂದು ಸುತ್ತು ಹೋಗಿ ಬನ್ನಿ. ದಂಡ ಒಳಗೆ ಹೋದಾಗಲೆಲ್ಲ ಸೀಲು ಟ್ಯಾಗನ್ನು ಮೇಲಕ್ಕೆ ತಳ್ಳುತ್ತದೆ, ವಾಪಸು ಬರುವಾಗ ಟ್ಯಾಗು ಅಲ್ಲೇ ಉಳಿಯುತ್ತದೆ. ಅದು ನಿಂತ ಜಾಗವೇ ಆ ಪ್ರಯಾಣದಲ್ಲಿ ದಂಡ ಇಳಿದ ಅತಿ ಹೆಚ್ಚಿನ ಆಳ. ಟ್ಯಾಗು ರಬ್ಬರಿನ ಕೆಳಗೆ ಒಂದು ಬೆರಳಿನಷ್ಟು ದೂರದಲ್ಲಿದ್ದರೆ ನಿಮ್ಮ ಸಮಸ್ಯೆ ಬೇರೆ ಎಲ್ಲೋ ಇದೆ. ರಬ್ಬರಿಗೆ ಒತ್ತಿಕೊಂಡಿದ್ದರೆ ಅಥವಾ ನಜ್ಜುಗುಜ್ಜಾಗಿದ್ದರೆ ಕಾರಣ ಸಿಕ್ಕಿತು. ತಲೆಕೆಳಗಾಗಿ ಕೂರುವ ಮೊನೊಟ್ಯೂಬ್ ಸ್ಟ್ರಟ್ಟುಗಳಲ್ಲಿ ಮಾತ್ರ ದಂಡ ಒಳಗೆ ಮುಚ್ಚಿರುವುದರಿಂದ ಈ ಉಪಾಯ ನಡೆಯುವುದಿಲ್ಲ.

ಪರಿಹಾರ ನಿಮ್ಮ ಕಿಟ್ಟು ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ. ಒಂದು ಬಗೆಯಲ್ಲಿ ಎತ್ತರ ಬದಲಿಸಲು ಸ್ಪ್ರಿಂಗಿನ ಕೆಳಗಿನ ತಟ್ಟೆಯೊಂದೇ ದಾರಿ. ಅದರಲ್ಲಿ ತಗ್ಗಿಸಿದಷ್ಟೂ ಓಟ ಕಡಿಮೆಯಾಗುತ್ತದೆ, ಆದ್ದರಿಂದ ಕಾರನ್ನು ಮೇಲಕ್ಕೆತ್ತದೆ ಬೇರೆ ಗತಿಯಿಲ್ಲ. ಇನ್ನೊಂದು ಬಗೆಯಲ್ಲಿ ಶಾಕ್ ಅಬ್ಸಾರ್ಬರಿನ ಇಡೀ ಕೊಳವೆ ಕೆಳಗಿನ ಬ್ರಾಕೆಟ್ಟಿನೊಳಗೆ ತಿರುಪಿನ ಮರೆಯಲ್ಲಿ ಕೂತಿರುತ್ತದೆ. ಅದರಲ್ಲಿ ಕೊಳವೆಯನ್ನು ಬ್ರಾಕೆಟ್ಟಿನೊಳಗೆ ತಿರುಗಿಸಿ ಕಾರನ್ನು ತಗ್ಗಿಸಬಹುದು, ದಂಡದ ಓಟಕ್ಕೆ ಧಕ್ಕೆ ಬರುವುದಿಲ್ಲ. ಈ ಎರಡನೆಯ ಬಗೆಗೆ ದುಡ್ಡು ಹೆಚ್ಚು, ಆದರೆ ತುಂಬ ತಗ್ಗಿಸಲೇಬೇಕು ಎನ್ನುವವರಿಗೆ ಬೇರೆ ಸಲಹೆ ನಾನು ಕೊಡುವುದಿಲ್ಲ. ಎರಡನೆಯ ಬಗೆಯ ಕಿಟ್ಟು ಇಟ್ಟುಕೊಂಡು ತಟ್ಟೆಯನ್ನು ಇಳಿಸಿ ಎತ್ತರ ಬದಲಿಸುವ ಗ್ಯಾರೇಜುಗಳೂ ಇವೆ. ಕೊಟ್ಟ ಹೆಚ್ಚಿನ ದುಡ್ಡು ಅಲ್ಲಿಗೆ ನೀರಿಗೆ ಬಿತ್ತು.

ಪ್ರೀಲೋಡ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ. ತಟ್ಟೆಯನ್ನು ಮೇಲೇರಿಸಿ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬುದು ಅದು. ಸುರುಳಿಗಳ ನಡುವೆ ಸಮ ಅಂತರವಿರುವ ಸ್ಪ್ರಿಂಗ್ ಮಿಲಿಮೀಟರಿಗೆ 5 ಕೆ.ಜಿ. ಎಂದರೆ ಪ್ರೀಲೋಡ್ ಎಷ್ಟೇ ಇರಲಿ 5 ಕೆ.ಜಿ.ಯೇ. ಮೇಲಿನ ಉದಾಹರಣೆಯಲ್ಲಿ 20 ಮಿ.ಮೀ. ಪ್ರೀಲೋಡ್ ಕೊಟ್ಟರೆ ಕಾರು ಇಳಿಸಿದಾಗ ದಂಡ 50ರ ಬದಲು 30 ಮಿ.ಮೀ. ಮಾತ್ರ ಇಳಿಯುತ್ತದೆ, ಕಾರು 20 ಮಿ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ಆದರೆ ಚಕ್ರ ಗುಂಡಿಯೊಳಕ್ಕೆ ಇಳಿಯಲು ಈಗ 30 ಮಿ.ಮೀ. ಮಾತ್ರ ಉಳಿದಿದೆ. ಅದು ಮುಗಿದ ಕೂಡಲೇ ದಂಡ ಮೇಲಿನ ತುದಿಗೆ ಬಡಿದು ಕಟ್ ಎನ್ನುತ್ತದೆ. ಉಬ್ಬು ಹತ್ತುವಾಗ ಸದ್ದಿಲ್ಲ, ಇಳಿಯುವಾಗ ಸದ್ದು ಎಂದರೆ ಪ್ರೀಲೋಡ್ ಹೆಚ್ಚಾಗಿದೆಯೇ ಎಂದು ನೋಡಿ. ತಯಾರಕರು ಬೇರೆ ಅಳತೆ ಕೊಟ್ಟಿಲ್ಲದಿದ್ದರೆ ಚಕ್ರ ನೇತಾಡುವಾಗ ಸ್ಪ್ರಿಂಗ್ ಅಲುಗಾಡದಷ್ಟು, ಕೈಯಲ್ಲಿ ಬಿಗಿದಷ್ಟು ಇದ್ದರೆ ಸಾಕು.

ಟ್ಯಾಗು ಎಲ್ಲ ಸರಿಯಿದೆ ಎಂದು ಹೇಳಿ, ಕುಲುಕು ಮಾತ್ರ ಇದ್ದರೆ ಆಗ ಗುಬುಟಿನ ಸರದಿ. ಅದನ್ನು ಪೂರ್ತಿ ಬಿಗಿಯ ತುದಿಗೆ ನಿಧಾನವಾಗಿ ಒಯ್ದು, ಅಲ್ಲಿಂದ ಹಿಂದಕ್ಕೆ ಕ್ಲಿಕ್ ಎಣಿಸಬೇಕು. ತುದಿಯಲ್ಲಿ ಬಲ ಹಾಕಿದರೆ ಒಳಗಿನ ಸೂಜಿ ಕವಾಟ ಕೆಡುತ್ತದೆ. ಎಡ ಬಲ ಒಂದೇ ಸಂಖ್ಯೆಯಲ್ಲಿರಲಿ. ಒಂದೇ ಗುಬುಟಿರುವ ಕಿಟ್ಟುಗಳಲ್ಲಿ ಅದು ಹೆಚ್ಚಾಗಿ ದಂಡ ಹೊರಬರುವ ವೇಗವನ್ನು ಹಿಡಿತದಲ್ಲಿಡುತ್ತದೆ. ಹೆದ್ದಾರಿಯಲ್ಲಿ ಟೋಲಿನ ಮೊದಲು ಹಾಕಿರುವ ಸಾಲು ಪಟ್ಟಿಗಳೇ ಇದಕ್ಕೆ ಒಳ್ಳೆಯ ಪರೀಕ್ಷೆ. ಮೊದಲ ಪಟ್ಟಿ ಪರವಾಗಿಲ್ಲ, ಐದನೆಯದರ ಹೊತ್ತಿಗೆ ಹಲ್ಲು ಕಡಿಯುವ ಹಾಗಾಗುತ್ತದೆ ಎಂದರೆ ಬಿಗಿ ಜಾಸ್ತಿಯಾಗಿದೆ. ಒಂದು ಪಟ್ಟಿಗೆ ಒಳಹೋದ ದಂಡ ಹೊರಬರುವಷ್ಟರಲ್ಲಿ ಇನ್ನೊಂದು ಬಂದು, ಕಾರು ಮೆಟ್ಟಿಲು ಮೆಟ್ಟಿಲಾಗಿ ಕುಸಿದು ಬಂಪ್ ಸ್ಟಾಪಿಗೆ ಬಂದಿರುತ್ತದೆ. ಎರಡೆರಡು ಕ್ಲಿಕ್ ಸಡಿಲಿಸುತ್ತಾ ನೋಡಿ. ಉಬ್ಬು ದಾಟಿದ ಮೇಲೂ ಕಾರು ಮೂರು ಸಲ ತೂಗುತ್ತಿದ್ದರೆ ಸಡಿಲ ಅತಿಯಾಯಿತು.

ಸ್ಪ್ರಿಂಗೇ ಗಟ್ಟಿ ಎಂದಾದರೆ ಯಾವ ಗುಬುಟೂ ಅದನ್ನು ಮೆತ್ತಗೆ ಮಾಡಲಾರದು. 250 ಕೆ.ಜಿ. ಭಾರದ ಕೆಳಗೆ ಮಿಲಿಮೀಟರಿಗೆ 2 ಕೆ.ಜಿ.ಯ ಸ್ಪ್ರಿಂಗಿದ್ದರೆ ಕಾರಿನ ಮೈ ಸೆಕೆಂಡಿಗೆ ಸುಮಾರು 1.4 ಸಲ ತೂಗುತ್ತದೆ, 5 ಕೆ.ಜಿ.ಯದಾದರೆ ಸುಮಾರು 2.2 ಸಲ. ಮೊದಲನೆಯದು ಮನೆಮಂದಿಯ ಕಾರಿನ ನಡೆ, ಎರಡನೆಯದು ರೇಸ್ ಟ್ರ್ಯಾಕಿನ ಕಡೆಗೆ ವಾಲಿದ ನಡೆ. ಎರಡನ್ನೂ ಒಂದೇ ಕಾರಿನಲ್ಲಿ ಕೊಡುತ್ತೇನೆ ಎನ್ನುವ ಜಾಹೀರಾತನ್ನು ನಂಬಬೇಡಿ.

ಟಕ್ ಟಕ್, ಕಟಕ್, ಟೊಂಯ್: ಸದ್ದಿನ ಮೂಲ ಹಿಡಿಯುವುದು

ಸದ್ದು ಯಾವಾಗ ಬರುತ್ತದೆ ಎಂಬುದು ಎಲ್ಲಿಂದ ಬರುತ್ತದೆ ಎಂಬುದಕ್ಕಿಂತ ಮುಖ್ಯ. ಕಾರಿನ ತಗಡಿನ ಮೈ ಸದ್ದನ್ನು ಹೊತ್ತು ಇನ್ನೆಲ್ಲೋ ಬಿಡುತ್ತದೆ, ಕಿವಿಗೆ ನೇರ ನಂಬಿಕೆ ಸಲ್ಲದು.

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಟೊಂಯ್ ಎಂದರೆ ಸ್ಟ್ರಟ್ಟಿನ ಮೇಲಿನ ಬೇರಿಂಗನ್ನು ಮೊದಲು ಸಂಶಯಿಸಿ. ಮ್ಯಾಕ್‌ಫರ್ಸನ್ ಸ್ಟ್ರಟ್ಟಿನಲ್ಲಿ ಚಕ್ರ ತಿರುಗಿದರೆ ಸ್ಪ್ರಿಂಗೂ ಅದರ ಜೊತೆ ತಿರುಗಬೇಕು. ಬೇರಿಂಗ್ ಸಿಕ್ಕಿಕೊಂಡರೆ ಸ್ಪ್ರಿಂಗಿನ ಮೇಲ್ತುದಿ ನಿಂತು, ಕೆಳತುದಿ ತಿರುಗಿ, ಸುರುಳಿ ಮುರುಚಿಕೊಂಡು ಒಮ್ಮೆಲೇ ಜಿಗಿಯುತ್ತದೆ. ಸೀಮೆಸುಣ್ಣದಿಂದ ಮೇಲಿನ ತಟ್ಟೆಗೂ ಸ್ಪ್ರಿಂಗಿನ ಮೊದಲ ಸುತ್ತಿಗೂ ಸೇರಿಸಿ ಒಂದು ಗೆರೆ ಎಳೆಯಿರಿ, ಕೆಳಗೂ ಹಾಗೆಯೇ. ಇನ್ನೊಬ್ಬರು ಸ್ಟೀರಿಂಗ್ ತಿರುಗಿಸಲಿ, ನೀವು ಗೆರೆ ನೋಡಿ. ಗೆರೆ ಎಲ್ಲಿ ಮುರಿಯಿತೋ ಅಲ್ಲಿ ಜಾರುತ್ತಿದೆ. ಬೆರಳು ಸುರುಳಿಗಳ ನಡುವೆ ಹೋಗದಂತೆ ಎಚ್ಚರ. ಈ ದೋಷವಿರುವ ಕಾರಿನ ಸ್ಟೀರಿಂಗ್ ತಿರುವಿನ ನಂತರ ತಾನಾಗಿ ನೇರಕ್ಕೆ ಬರಲು ಸೋಮಾರಿತನ ತೋರಿಸುತ್ತದೆ. ಎಷ್ಟೋ ಸಲ ಬೇರಿಂಗ್ ಕೆಟ್ಟಿರುವುದಿಲ್ಲ. ಜೋಡಿಸುವಾಗ ವಾಷರ್, ಬೇರಿಂಗ್, ಮೇಲಿನ ತಟ್ಟೆಗಳ ಅನುಕ್ರಮ ತಪ್ಪಿರುತ್ತದೆ, ಇಲ್ಲವೇ ಬೇರಿಂಗನ್ನು ತಲೆಕೆಳಗಾಗಿ ಕೂರಿಸಿರುತ್ತಾರೆ.

ನಿಧಾನವಾಗಿ ಹೋಗುವಾಗ, ಒಂದೇ ಕಡೆಯ ಚಕ್ರ ಸಣ್ಣ ತಗ್ಗಿಗೆ ಇಳಿದಾಗ ಟಕ್ ಟಕ್ ಎಂದರೆ ಲಿಂಕ್ ರಾಡ್. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸ್ಟೆಬಿಲೈಜರ್ ಬಾರನ್ನು ಸ್ಟ್ರಟ್ಟಿಗೆ ಜೋಡಿಸುವ ಆ ಪುಟ್ಟ ಕಡ್ಡಿಯ ತುದಿಯಲ್ಲಿ ಬಾಲ್ ಜಾಯಿಂಟ್ ಇರುತ್ತದೆ. ಕಾರು ತಗ್ಗಿದಾಗ ಕಡ್ಡಿಯ ಕೋನ ಕೆಟ್ಟು ಜಾಯಿಂಟ್ ತನ್ನ ಮಿತಿಗೆ ಹೋಗಿ ಬಡಿಯುತ್ತದೆ, ಕೆಲವೊಮ್ಮೆ ಬಾರೇ ಆಕ್ಸಲಿಗೆ ತಾಗುತ್ತದೆ. ಪರೀಕ್ಷೆ ಸುಲಭ: ಎರಡೂ ಕಡೆಯ ಲಿಂಕ್ ರಾಡ್ ಬಿಚ್ಚಿ, ಬಾರನ್ನು ಯಾವುದಕ್ಕೂ ತಾಗದಂತೆ ಕಟ್ಟಿ, ಖಾಲಿ ರಸ್ತೆಯಲ್ಲಿ ನಿಧಾನವಾಗಿ ನೂರು ಮೀಟರ್ ಹೋಗಿ ಬನ್ನಿ. ಸದ್ದು ಹೋದರೆ ಕಳ್ಳ ಸಿಕ್ಕ. ಉದ್ದ ಹೊಂದಿಸಬಹುದಾದ ಲಿಂಕ್ ರಾಡ್ ಹಾಕಿದರೆ ಸಾಕು. ಮತ್ತೆ ಕೂರಿಸುವಾಗ ಎರಡೂ ಚಕ್ರ ಒಂದೇ ಎತ್ತರದಲ್ಲಿರಬೇಕು. ಒಂದು ಚಕ್ರ ನೇತಾಡುತ್ತಿರುವಾಗ ಬಲವಂತದಿಂದ ಬೋಲ್ಟ್ ತೂರಿಸಿದರೆ ಬಾರು ಸದಾ ತಿರುಚಿಕೊಂಡೇ ಇರುತ್ತದೆ.

ಬ್ರೇಕ್ ಹಾಕಿದಾಗ ಒಂದೇ ಒಂದು ಕಟಕ್, ಮತ್ತೆ ಹೊರಟಾಗ ಇನ್ನೊಂದು ಕಟಕ್: ಸ್ಟ್ರಟ್ಟನ್ನು ಚಕ್ರ ಕೂರುವ ನಕಲ್ ಎಂಬ ಲೋಹದ ಭಾಗಕ್ಕೆ ಜೋಡಿಸುವ ಎರಡು ದೊಡ್ಡ ಬೋಲ್ಟುಗಳೋ, ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ಲೋವರ್ ಆರ್ಮಿನ ರಬ್ಬರ್ ಬುಷ್ಷೋ ಸಡಿಲ. ತಯಾರಕರ ಕೈಪಿಡಿಯಲ್ಲಿ ಹೇಳಿದ ಬಿಗಿಗೆ ಟಾರ್ಕ್ ವ್ರೆಂಚಿನಲ್ಲೇ ಬಿಗಿಯಿರಿ. ಅಂದಾಜಿನ ಬಿಗಿ ಇಲ್ಲಿ ನಡೆಯದು.

ಬಾನೆಟ್ ತೆರೆದು, ಸ್ಟ್ರಟ್ಟಿನ ತಲೆಯ ಮೇಲೆ ಅಂಗೈ ಇಟ್ಟು, ಇನ್ನೊಬ್ಬರಿಂದ ಕಾರನ್ನು ಒತ್ತಿ ಬಿಡಿಸಿ. ಅಂಗೈಗೆ ಕುಟ್ಟಿದ ಅನುಭವವಾದರೆ ದಂಡದ ಮೇಲಿನ ನಟ್ ಸಡಿಲ. ಆ ನಟ್ಟಿಗೆ ಗಾಳಿಯ ಗನ್ ಹಾಕುವ ಅಭ್ಯಾಸವಿರುವ ಗ್ಯಾರೇಜಿನಿಂದ ದೂರವಿರಿ. ಗನ್ನಿನ ರಭಸಕ್ಕೆ ದಂಡವೇ ಗಿರ್ರನೆ ತಿರುಗಿ ಒಳಗಿನ ಪಿಸ್ಟನ್ನಿನ ಜೋಡಣೆ ಸಡಿಲವಾಗಬಹುದು. ದಂಡದ ತುದಿಯ ತೂತಿಗೆ ಅಲೆನ್ ಕೀ ಹಾಕಿ ಹಿಡಿದು, ನಟ್ಟನ್ನು ಪಾನಾದಿಂದ ಬಿಗಿಯುವುದು ಸರಿಯಾದ ಕ್ರಮ. ದಂಡ ತಿರುಗುತ್ತದೆಂದು ಅದನ್ನು ಇಕ್ಕಳದಲ್ಲಿ ಕಚ್ಚಿ ಹಿಡಿದರೆ ಕ್ರೋಮಿನ ಮೇಲೆ ಬಿದ್ದ ಗೀರು ಪ್ರತಿ ಸಲ ಸೀಲನ್ನು ಕುಯ್ಯುತ್ತದೆ, ಸ್ವಲ್ಪ ದಿನಕ್ಕೆ ಆಯಿಲ್ ಸೋರುತ್ತದೆ. ರಬ್ಬರಿನ ಬದಲು ಲೋಹದ ಗೋಲದ ಮೇಲೆ ಕೂರುವ ಪಿಲ್ಲೋ ಬಾಲ್ ಮೌಂಟ್ ಹಾಕಿಸಿಕೊಂಡವರಿಗೆ ಇಲ್ಲಿ ಸದ್ದು ತಪ್ಪಿದ್ದಲ್ಲ. ಕೆಸರು ನೀರು, ಧೂಳು ಸೇರಿ ಗೋಲ ಸವೆಯುತ್ತದೆ. ದಿನಬಳಕೆಯ ಕಾರಿಗೆ ರಬ್ಬರ್ ಮೌಂಟೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಉಬ್ಬು ದಾಟುವಾಗ ಕಿರ್ರ್ ಎಂದು ನರಳುವ ಸದ್ದು ಬುಷ್ಷಿನದು, ಮತ್ತು ಇದು ಬಹುಪಾಲು ಜೋಡಿಸಿದವರ ಅವಸರದ ಫಲ. ಲೋವರ್ ಆರ್ಮಿನ ಬುಷ್ಷಿನಲ್ಲಿ ರಬ್ಬರು ಹೊರಗಿನ ಕೊಳವೆಗೂ ಒಳಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದ ಮೇಲೆ ಒಳಕೊಳವೆ ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡುವುದು ರಬ್ಬರು ತಿರುಚುವುದರಿಂದ. ಚಕ್ರ ಗಾಳಿಯಲ್ಲಿ ನೇತಾಡುವಾಗ ಬೋಲ್ಟ್ ಬಿಗಿದರೆ ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಬದುಕಬೇಕು. ಕಾರು ಅಂದುಕೊಂಡಷ್ಟು ತಗ್ಗುವುದಿಲ್ಲ, ಸವಾರಿ ಗಟ್ಟಿಯಾಗುತ್ತದೆ, ಕೆಲ ವಾರಗಳಲ್ಲಿ ರಬ್ಬರು ಸೀಳುತ್ತದೆ. ಹಿಂದಿನ ಬೀಮಿನ ದೊಡ್ಡ ಬುಷ್ಷಿಗೂ ಇದೇ ನಿಯಮ. ರಬ್ಬರು ಇನ್ನೂ ಸೀಳಿಲ್ಲವಾದರೆ ಪರಿಹಾರ ಪುಕ್ಕಟೆ: ಕಾರು ಸ್ಟ್ಯಾಂಡಿನ ಮೇಲಿರುವಾಗ ಚಕ್ರ ಕೂರುವ ಹಬ್ಬಿನ ಕೆಳಗೆ ಜಾಕ್ ಕೊಟ್ಟು, ಮೊದಲು ಬರೆದಿಟ್ಟ ಮಡ್‌ಗಾರ್ಡಿನ ಅಳತೆ ಬರುವವರೆಗೆ ಎತ್ತಿ, ಬೋಲ್ಟನ್ನು ಸಡಿಲಿಸಿ, ಅದೇ ಸ್ಥಿತಿಯಲ್ಲಿ ಮತ್ತೆ ಬಿಗಿಯುವುದು.

ಇನ್ನೊಂದು ಸದ್ದು ಸ್ಪ್ರಿಂಗಿನದೇ. ಚಕ್ರ ನೇತಾಡುವಾಗ ಸ್ಪ್ರಿಂಗನ್ನು ಕೈಯಿಂದ ಅಲ್ಲಾಡಿಸಿ. ಸಡಿಲವಿದ್ದರೆ ಗುಂಡಿಯಲ್ಲಿ ಅದು ಜಾಗ ಬಿಟ್ಟು ಮತ್ತೆ ಕೂತು ಸದ್ದು ಮಾಡುತ್ತದೆ. ಹೆಲ್ಪರ್ ಸ್ಪ್ರಿಂಗ್ ಎಂಬ ತೆಳುವಾದ ಸುರುಳಿ ಇರುವುದು ಇದಕ್ಕಾಗಿಯೇ. ಅದಿಲ್ಲದ ಕಿಟ್ಟಿನಲ್ಲಿ ಸ್ಪ್ರಿಂಗ್ ಸಡಿಲವಾಗುವಷ್ಟು ತಗ್ಗಿಸಬಾರದು.

ಒಂದು ಮೂಲೆ ಕುಸಿಯುತ್ತಿದೆ

ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಹೊಸ ಸ್ಪ್ರಿಂಗ್ ಸ್ವಲ್ಪ ಕೂರುವುದು ಸಹಜ. ನಾಲ್ಕೂ ಮೂಲೆ ಸಮನಾಗಿ ಕೂತರೆ ಚಿಂತೆಯಿಲ್ಲ. ಒಂದೇ ಮೂಲೆ ಇಳಿಯುತ್ತಿದ್ದರೆ ತಟ್ಟೆಯ ಕೆಳಗಿನ ಲಾಕ್ ಕಾಲರ್ ಸಡಿಲವಾಗಿ ತಟ್ಟೆ ತಿರುಗುತ್ತಿದೆ. ತಟ್ಟೆಯ ಹಲ್ಲಿಗೆ ಸಿಕ್ಕಿಸುವ ಕೊಕ್ಕೆಯಂತಹ ಎರಡು ಸಿ-ಸ್ಪ್ಯಾನರ್ ಬೇಕು: ಒಂದರಿಂದ ತಟ್ಟೆ ಹಿಡಿದು, ಇನ್ನೊಂದರಿಂದ ಕಾಲರನ್ನು ಅದಕ್ಕೆ ಒತ್ತಿ ಬಿಗಿಯಬೇಕು. ಬಿಗಿದ ಮೇಲೆ ತಟ್ಟೆ, ಕಾಲರ್, ಕೊಳವೆ ಮೂರಕ್ಕೂ ಅಡ್ಡಲಾಗಿ ಉಗುರುಬಣ್ಣದ ಒಂದು ಗೆರೆ ಎಳೆದುಬಿಡಿ. ಮುಂದಿನ ಸಲ ಚಕ್ರ ಬಿಚ್ಚಿದಾಗ ನೋಟದಲ್ಲೇ ಗೊತ್ತಾಗುತ್ತದೆ.

ಎಡ ಬಲ ಎತ್ತರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಸಮ ಮಾಡುವ ಹಟ ಕೆಲವರಿಗಿದೆ. ಒಂದೇ ಮೂಲೆಯ ತಟ್ಟೆಯನ್ನು ಏರಿಸಿದರೆ ಆ ಮೂಲೆಯ ಜೊತೆ ಅದರ ಕರ್ಣದ ಎದುರಿನ ಮೂಲೆಯೂ ಹೆಚ್ಚು ಭಾರ ಹೊರುತ್ತದೆ, ಉಳಿದೆರಡು ಹಗುರವಾಗುತ್ತವೆ. ಆಗ ಕಾರು ಒಂದು ಕಡೆಗೆ ಸಲೀಸಾಗಿ ತಿರುಗಿ ಇನ್ನೊಂದು ಕಡೆಗೆ ಮೊಂಡು ಹಿಡಿಯುತ್ತದೆ, ಜೋರಾಗಿ ಬ್ರೇಕ್ ಒತ್ತಿದರೆ ಹಗುರವಾದ ಮುಂಚಕ್ರ ಮೊದಲು ಹಿಡಿತ ಬಿಡುತ್ತದೆ. ಮೂರ್ನಾಲ್ಕು ಮಿಲಿಮೀಟರಿನ ವ್ಯತ್ಯಾಸವನ್ನು ಹಾಗೇ ಬಿಡಿ. ಮುಂದೆ ತಟ್ಟೆಯನ್ನು 10 ಮಿ.ಮೀ. ಸರಿಸಿದರೆ ಕಾರೂ ಸುಮಾರು ಅಷ್ಟೇ ಸರಿಯುತ್ತದೆ. ಹಿಂದೆ ಸ್ಪ್ರಿಂಗ್ ಚಕ್ರಕ್ಕಿಂತ ಬೀಮಿನ ತಿರುಗಣೆಗೆ ಹತ್ತಿರವಿರುವುದರಿಂದ ಅದೇ 10 ಮಿ.ಮೀ.ಗೆ ಕಾರು ಹೆಚ್ಚು ಸರಿಯುತ್ತದೆ. ಹಿಂದೆ ಸ್ವಲ್ಪ ಸ್ವಲ್ಪವೇ ತಿರುಗಿಸಿ.

ಟೈರಿನ ಒಳ ಅಂಚು, ನಡುಗುವ ಸ್ಟೀರಿಂಗ್

ತಗ್ಗಿಸಿದ ಕಾರಿನಲ್ಲಿ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಎಲ್ಲರಿಗೂ ಕಣ್ಣಿಗೆ ಕಾಣುವುದು ಈ ಕ್ಯಾಂಬರ್. ಟೈರನ್ನು ತಿನ್ನುವುದು ಮಾತ್ರ ಹೆಚ್ಚಾಗಿ ಕಣ್ಣಿಗೆ ಕಾಣದ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಖ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಕಾರು ತಗ್ಗಿದಾಗ ಲೋವರ್ ಆರ್ಮೂ, ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡೂ ಒಂದೇ ಕಮಾನಿನಲ್ಲಿ ಸರಿಯುವುದಿಲ್ಲ, ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ತಿರುಗಿಸುತ್ತವೆ. ಒಂದು ಚಕ್ರ ಕಾಲು ಡಿಗ್ರಿಯಷ್ಟು ಓರೆಯಾದರೆ ಪ್ರತಿ ಕಿಲೋಮೀಟರಿಗೆ ಸುಮಾರು 4 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡು ಹೋದ ಲೆಕ್ಕ. ಬೆಂಗಳೂರಿನಿಂದ ಮೈಸೂರಿಗೆ ಹೋಗಿಬಂದರೆ ಒಂದು ಕಿಲೋಮೀಟರಿಗೂ ಹೆಚ್ಚು. ಅಂಗೈಯನ್ನು ಟೈರಿನ ಮೇಲೆ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಸವರಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದರಲ್ಲಿ ಗರಗಸದಂತೆ ಚುಚ್ಚಿದರೆ ಅದು ಟೋ. ನುಣ್ಣಗೆ ಒಂದೇ ಅಂಚು ಸವೆದಿದ್ದರೆ ಕ್ಯಾಂಬರ್.

ಆದ್ದರಿಂದ ಎತ್ತರ ಬದಲಿಸಿದಾಗಲೆಲ್ಲ ಅಲೈನ್‌ಮೆಂಟ್ ಮಾಡಿಸಲೇಬೇಕು. ಕ್ಯಾಂಬರ್ ಮೊದಲು, ಟೋ ಕೊನೆಗೆ, ಏಕೆಂದರೆ ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗುತ್ತದೆ. ಮುಂದೆ ಕ್ಯಾಂಬರ್ ಹೊಂದಿಸಲು ಸ್ಟ್ರಟ್ಟಿನ ತಲೆಯನ್ನು ಒಳಹೊರಗೆ ಸರಿಸುವ ಕ್ಯಾಂಬರ್ ಪ್ಲೇಟ್ ಅಥವಾ ಸ್ಟ್ರಟ್ಟಿನ ಬೋಲ್ಟಿನ ಜಾಗಕ್ಕೆ ಕ್ಯಾಂಬರ್ ಬೋಲ್ಟ್ ಸಿಗುತ್ತದೆ. ಹಿಂದಿನ ಬೀಮಿನಲ್ಲಿ ಹೊಂದಿಸಲು ಏನೂ ಇಲ್ಲ, ಎತ್ತರದಿಂದ ಅಲ್ಲಿನ ಕೋನ ಹೆಚ್ಚೇನೂ ಬದಲಾಗುವುದೂ ಇಲ್ಲ. ಹಿಂಚಕ್ರದ ಒಂದೇ ಕಡೆ ಸವೆಯುತ್ತಿದ್ದರೆ ಬೀಮ್ ಯಾವಾಗಲೋ ಏಟು ತಿಂದು ಬಾಗಿದೆ.

ನೇರ ಹೋಗುತ್ತಿದ್ದ ಕಾರು ಗುಂಡಿ ಬಂದಾಗ ತಾನಾಗಿ ಆಚೀಚೆ ತಿರುಗಿದರೆ ಅದೂ ಟೈ ರಾಡಿನ ಕೋನದ ಸಮಸ್ಯೆ, ಅಲೈನ್‌ಮೆಂಟ್ ಯಂತ್ರ ಇದನ್ನು ಸರಿಪಡಿಸಲಾರದು. ತಗ್ಗಿಸಿದ ಮೇಲೂ ತಿರುವಿನಲ್ಲಿ ಕಾರು ಮೊದಲಿಗಿಂತ ಹೆಚ್ಚು ವಾಲುತ್ತಿದೆ ಎಂದು ಕೆಲವರು ಬೆರಗಾಗುತ್ತಾರೆ. ಬೆರಗಿಗೆ ಕಾರಣವಿಲ್ಲ. ಲೋವರ್ ಆರ್ಮ್ ಹೊರತುದಿ ಮೇಲಾಗಿ ಓರೆಯಾದಾಗ ಕಾರಿನ ಮೈ ವಾಲುವ ಕೇಂದ್ರ, ಕಾರು ತಗ್ಗಿದ್ದಕ್ಕಿಂತ ಹೆಚ್ಚಾಗಿ ಕೆಳಗಿಳಿಯುತ್ತದೆ. ಎರಡಕ್ಕೂ ಔಷಧಿ ಒಂದೇ: ಲೋವರ್ ಆರ್ಮ್ ಮತ್ತೆ ನೆಲಕ್ಕೆ ಸಮಾನಾಂತರವಾಗುವವರೆಗೆ ಕಾರನ್ನು ಎತ್ತುವುದು. ವೇಗ ಹೆಚ್ಚಿಸುವಾಗ ಮಾತ್ರ ನಡುಗಿ, ಕಾಲು ತೆಗೆದರೆ ನಿಲ್ಲುತ್ತದೆ ಎಂದರೆ ಡ್ರೈವ್ ಆಕ್ಸಲಿನ ಜಾಯಿಂಟ್ ಹೊಸ ಕೋನಕ್ಕೆ ಒಗ್ಗಿಲ್ಲ. ಅದಕ್ಕೂ ಇದೇ ಮದ್ದು.

ಹೊಟ್ಟೆ ಉಜ್ಜುವುದು, ಟೈರ್ ತಾಗುವುದು

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾದರಿಯಂತೆ ರಸ್ತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಹಾಗೆ ಕಟ್ಟಿದ ಉಬ್ಬಿನ ಮೇಲೆ 2.45 ಮೀಟರ್ ವೀಲ್‌ಬೇಸಿನ (ಮುಂದಿನ ಹಿಂದಿನ ಆಕ್ಸಲುಗಳ ನಡುವಿನ ದೂರದ) ಸ್ವಿಫ್ಟ್ ನಾಲ್ಕೂ ಚಕ್ರ ಸಮೇತ ನಿಲ್ಲುತ್ತದೆ; ಹೊಟ್ಟೆಯ ಕೆಳಗೆ ಉಬ್ಬು ಚಾಚುವುದು ನಾಲ್ಕೂವರೆ ಸೆಂ.ಮೀ.ಗಿಂತ ಕಡಿಮೆ. ಬಡಾವಣೆಯವರು ರಾತ್ರೋರಾತ್ರಿ ಸುರಿದ ಎರಡಡಿ ಅಗಲದ ಉಬ್ಬು ಎರಡು ಆಕ್ಸಲುಗಳ ನಡುವೆ ಪೂರ್ತಿ ತೂರಿಕೊಳ್ಳುತ್ತದೆ, ಆಗ ಹೊಟ್ಟೆಗೆ ಇಡೀ 10 ಸೆಂ.ಮೀ. ಬೇಕು, ಮುಂಚಕ್ರ ಇಳಿದಾಗಿನ ಕುಸಿತ ಬೇರೆ. ನಿಮ್ಮ ಓಣಿಯಲ್ಲಿರುವುದು ಯಾವ ಉಬ್ಬೋ ಅದನ್ನು ಅಳೆದು ಎತ್ತರ ನಿರ್ಧರಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ನೆನಪಿರಲಿ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಮೆಯ ಹಣ ಕೇಳುವಾಗಲೂ ಇದು ಅಡ್ಡ ಬರಬಹುದು.

ಟೈರ್ ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ಒಳಗಿನ ಪ್ಲಾಸ್ಟಿಕ್ಕಿಗೆ ಸುಣ್ಣ ಬಳಿದು ಓಡಿಸಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ತಾಗುವುದು ಬೇರೆ, ಗುಂಡಿಯಲ್ಲಿ ಮೇಲೇರಿದಾಗ ತಾಗುವುದು ಬೇರೆ. ಆಗಲೇ ಬ್ರೇಕ್ ಹೋಸನ್ನೂ ಎಬಿಎಸ್ ವೈರನ್ನೂ ನೋಡಿಬಿಡಿ. ಚಕ್ರ ನೇತಾಡುವಾಗ ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ: ಹೋಸು ಎಲ್ಲೂ ಎಳೆದು ನಿಲ್ಲಬಾರದು, ತಿರುಚಬಾರದು, ಟೈರಿಗೋ ಸ್ಪ್ರಿಂಗಿಗೋ ಮುಟ್ಟಬಾರದು. ಹೊಸ ಸ್ಟ್ರಟ್ಟಿನ ಬ್ರಾಕೆಟ್ಟಿಗೆ ಕ್ಲಿಪ್ ಕೂರುವುದಿಲ್ಲವೆಂದು ತಂತಿಯಲ್ಲಿ ಸುತ್ತಿ ಬಿಟ್ಟಿದ್ದರೆ ಅಂದೇ ಸರಿಪಡಿಸಿ. ಸಡಿಲ ಬೋಲ್ಟು, ನಟ್ಟುಗಳಂತೆ ಇದೂ ಕಾಯಲಾರದ ದೋಷ. ಹೆಡ್‌ಲೈಟಿನ ಮಟ್ಟವನ್ನೂ ಹೊಂದಿಸಿಕೊಳ್ಳಿ. ಮುಂದೆ ಹೆಚ್ಚು ತಗ್ಗಿದ್ದರೆ ಬೆಳಕು ಮೂಗಿನ ಕೆಳಗೇ ಬೀಳುತ್ತದೆ.

ಸೋರಿಕೆ, ತುಕ್ಕು

ದಂಡದ ಮೇಲೆ ತೆಳ್ಳಗೆ ಎಣ್ಣೆಯ ಪಸೆ ಇದ್ದು ಧೂಳು ಅಂಟಿದ್ದರೆ ಸೋರಿಕೆಯಲ್ಲ. ಕೊಳವೆಯ ಮೇಲೆ ಎಣ್ಣೆ ಹರಿದ ಗುರುತಿದ್ದರೆ ಸೀಲು ಹೋಗಿದೆ. ಒರೆಸಿ, ವಾರ ಬಿಟ್ಟು ನೋಡಿ, ಮತ್ತೆ ಹರಿದಿದ್ದರೆ ಬಿಚ್ಚಿ ರಿಪೇರಿಗೆ ಕಳುಹಿಸಿ. ಮರು ಜೋಡಿಸಬಹುದಾದ ಕಿಟ್ಟೇ ಎಂದು ಕೊಳ್ಳುವಾಗಲೇ ಕೇಳಿರಬೇಕಿತ್ತು ಎಂಬುದು ಬೇರೆ ಮಾತು.

ಮಳೆಗಾಲ ಮುಗಿದ ಮೇಲೆ ತಟ್ಟೆ ಅಲುಗದೆ ಮರೆಗೆ ಕಚ್ಚಿಕೊಂಡಿರುವುದು ಕರಾವಳಿಯಲ್ಲಿ ಮಾಮೂಲು. ಉಕ್ಕಿನ ಕೊಳವೆ, ಅಲ್ಯುಮಿನಿಯಂ ತಟ್ಟೆ, ನಡುವೆ ಉಪ್ಪುನೀರು ಸೇರಿದರೆ ಅಲ್ಯುಮಿನಿಯಂ ಕೊರೆದು ಬಿಳಿಪುಡಿಯಾಗಿ ಮರೆಯನ್ನು ತುಂಬುತ್ತದೆ. ಸುತ್ತಿಗೆಯಿಂದ ಬಡಿದರೆ ತಟ್ಟೆಯ ಹಲ್ಲು ಮುರಿಯುತ್ತದೆ. ನೈಲಾನ್ ಬ್ರಷ್ಷಿನಿಂದ ಮರೆಯ ಮೇಲಿನ ಕೆಸರು ತೆಗೆದು, ತುಕ್ಕು ಸಡಿಲಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ. ಮರುದಿನ ಚಕ್ರ ನೇತಾಡುವಂತೆ ಎತ್ತಿ, ಸ್ಪ್ರಿಂಗಿನ ಭಾರ ತಟ್ಟೆಯ ಮೇಲಿಲ್ಲದಿರುವಾಗ, ಮೊದಲು ಕಾಲು ಸುತ್ತು ಕೆಳಕ್ಕೆ, ಆಮೇಲೆ ಮೇಲಕ್ಕೆ, ಹೀಗೆ ಆಡಿಸುತ್ತಾ ಬಿಡಿಸಿಕೊಳ್ಳಬೇಕು. ಬಿಟ್ಟ ಮೇಲೆ ಮರೆಗೆ ಮೇಣದ ಲೇಪ ಕೊಡಿ. ಗ್ರೀಸ್ ಬೇಡ, ಮರಳು ಹಿಡಿಯುತ್ತದೆ.